ಎರಡು ಭರಣಿಗಳ ನಡುವೆ ಉಳಿದ ಕಾಫಿ ಬೀಜ

ಕಳೆದ ಫೆಬ್ರವರಿಯ ಮೊದಲ ಭಾನುವಾರ, ಕೊಡಗಿನ ನಮ್ಮೂರಿನ ಸಂತೆಯಲ್ಲಿ ಒಣಮೀನಿನ ಅಂಗಡಿಗೂ ಪ್ಲಾಸ್ಟಿಕ್ ಕೊಡಗಳನ್ನು ರಾಶಿ ಹಾಕಿಕೊಂಡವನ ಟಾರ್ಪಾಲಿಗೂ ನಡುವೆ ಸಿಕ್ಕ ಹತ್ತಡಿ ಜಾಗದಲ್ಲಿ ನಾವು ಐದಾರು ಮಂದಿ ಸೇರಿ ಒಂದು ಕಲಾ ಪ್ರದರ್ಶನ ನಡೆಸಿದೆವು. ಪ್ರದರ್ಶನ ಎಂಬ ಮಾತು ಸ್ವಲ್ಪ ದೊಡ್ಡದಾಯಿತೇನೋ. ಅಲ್ಲಿದ್ದದ್ದು ಒಂದು ಮೇಜು, ಮಿಠಾಯಿ ಅಂಗಡಿಯಿಂದ ಎರವಲು ತಂದ ಎರಡು ಗಾಜಿನ ಭರಣಿ, ಒಂದು ಬುಟ್ಟಿ ಒಣಗಿದ ಕಾಫಿ, ಮರದ ಹಲಗೆಗಳಿಂದ ಮಾಡಿಸಿದ ಒಂದು ಉದ್ದನೆಯ ತೊಟ್ಟಿ, ಮತ್ತು ಹಗ್ಗಕ್ಕೆ ಬಟ್ಟೆಕ್ಲಿಪ್ಪಿನಿಂದ ಸಿಕ್ಕಿಸಿದ ಮಕ್ಕಳ ಚಿತ್ರಗಳು. ವಿಷಯ ಪ್ರಜಾಪ್ರಭುತ್ವ.

ಇದೇ ಚಿತ್ರಗಳನ್ನು ಗಣರಾಜ್ಯೋತ್ಸವದ ದಿನ ಒಂದು ಶಾಲೆಯ ಸಭಾಂಗಣದಲ್ಲಿ ತೂಗುಹಾಕಿದ್ದೆವು. ರಿಬ್ಬನ್ ಕತ್ತರಿಸಿದ್ದಾಯಿತು, ಭಾಷಣವಾಯಿತು, ಬಂದವರು ಚಿತ್ರಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಆ ಚಿತ್ರಗಳನ್ನು ಬರೆದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಎಸ್ಟೇಟುಗಳ ಲೈನ್ ಮನೆಗಳಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಿಂದ ಬರುವವರು. ಅವರ ತಂದೆತಾಯಿಯರಲ್ಲಿ ಒಬ್ಬರೂ ಬಂದಿರಲಿಲ್ಲ. ಕೊಯ್ಲಿನ ಕಾಲವೆಂಬುದು ಒಂದು ಕಾರಣವಾದರೆ, ಸಭಾಂಗಣದ ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ಬೂಟುಗಳು ಇನ್ನೊಂದು ಕಾರಣ ಎಂದು ನನ್ನ ಅಂದಾಜು. ಚಿತ್ರಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳಿಗೆ ‘ಪ್ರಜಾಪ್ರಭುತ್ವ’ ಎಂದ ಕೂಡಲೇ ಮಕ್ಕಳು ಏನು ಬರೆಯುತ್ತಾರೆಂಬುದು ಮೊದಲೇ ಗೊತ್ತಿರುತ್ತದೆ: ಧ್ವಜ, ತಕ್ಕಡಿ, ಶಾಯಿ ಹಚ್ಚಿದ ತೋರುಬೆರಳು. ಆ ಶಾಯಿ 1962ರಿಂದಲೂ ನಮ್ಮ ಪಕ್ಕದ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ಬರುತ್ತಿದೆ ಎಂದು ಹೇಳಿದಾಗ ಮಾತ್ರ ಮಕ್ಕಳ ಕಣ್ಣು ಸ್ವಲ್ಪ ಅರಳುತ್ತದೆ. ತಪ್ಪು ಮಕ್ಕಳದಲ್ಲ. ಪ್ರಜಾಪ್ರಭುತ್ವವನ್ನು ಚಿತ್ರಿಸಿ ಎಂದು ನಾವು ಕೇಳುತ್ತೇವೆಯೇ ಹೊರತು ಅದನ್ನು ಮಾಡಿ ನೋಡಿ ಎಂದು ಕೇಳುವುದಿಲ್ಲ.

ಮಾಡಿ ನೋಡುವ ಪ್ರದರ್ಶನ ಎಂದಾಗ ನನಗೆ ಮೊದಲು ನೆನಪಾಗುವುದು ಜರ್ಮನಿಯ ಕಲಾವಿದ ಹಾನ್ಸ್ ಹಾಕೆ. 1970ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರು ಗೋಡೆಯ ಮೇಲೆ ಒಂದು ಪ್ರಶ್ನೆಯನ್ನು ಬರೆದು, ಅದರ ಕೆಳಗೆ ಎರಡು ಪಾರದರ್ಶಕ ಮತಪೆಟ್ಟಿಗೆಗಳನ್ನಿಟ್ಟರು. ಅಧ್ಯಕ್ಷ ನಿಕ್ಸನ್ ಅವರ ಇಂಡೋಚೀನಾ (ವಿಯೆಟ್ನಾಂ ಯುದ್ಧದ) ನೀತಿಯನ್ನು ನ್ಯೂಯಾರ್ಕ್ ರಾಜ್ಯದ ಚುನಾಯಿತ ರಾಜ್ಯಪಾಲ ರಾಕ್‌ಫೆಲ್ಲರ್ ಖಂಡಿಸದೇ ಇರುವುದು, ನವೆಂಬರಿನಲ್ಲಿ ನೀವು ಅವರಿಗೆ ಮತ ಹಾಕದಿರಲು ಕಾರಣವಾಗುತ್ತದೆಯೇ ಎಂಬುದು ಆ ಪ್ರಶ್ನೆಯ ಸಾರ. ರಾಕ್‌ಫೆಲ್ಲರ್ ಅದೇ ಸಂಗ್ರಹಾಲಯದ ಆಡಳಿತ ಮಂಡಳಿಯ ಸದಸ್ಯರು. ಅವರ ತಾಯಿ ಅದರ ಸ್ಥಾಪಕರಲ್ಲಿ ಒಬ್ಬರು. ಅಂದರೆ ಯಜಮಾನನ ಮನೆಯ ಜಗಲಿಯಲ್ಲೇ ಕುಳಿತು ಯಜಮಾನನ ಬಗ್ಗೆ ಊರವರ ಅಭಿಪ್ರಾಯ ಕೇಳಿದ ಹಾಗೆ. ಪ್ರದರ್ಶನ ಮುಗಿಯುವಾಗ 25,566 ಮಂದಿ ಹೌದೆಂದೂ 11,563 ಮಂದಿ ಇಲ್ಲವೆಂದೂ ಚೀಟಿ ಹಾಕಿದ್ದರು. ಆ ನವೆಂಬರಿನಲ್ಲಿ ರಾಕ್‌ಫೆಲ್ಲರ್ ಗೆದ್ದರು, ಅದು ಬೇರೆ ಮಾತು. ನನಗೆ ಮುಖ್ಯವೆನಿಸುವುದು ಪೆಟ್ಟಿಗೆಯ ಪಾರದರ್ಶಕತೆ. ಗುಟ್ಟಿನ ಮತದಾನದಲ್ಲಿ ನಾವು ಒಬ್ಬೊಬ್ಬರೇ ಇರುತ್ತೇವೆ, ಇಲ್ಲಿ ನಮ್ಮ ಹಿಂದೆ ನಿಂತವನಿಗೂ ನಮ್ಮ ಕೈ ಎತ್ತ ಚಾಚಿತೆಂಬುದು ಕಾಣುತ್ತದೆ.

ಈ ಉಪಾಯವನ್ನೇ ನಾವು ಸಂತೆಗೆ ತಂದೆವು. ಚೀಟಿಯ ಬದಲು ಕಾಫಿ, ಮತಪೆಟ್ಟಿಗೆಯ ಬದಲು ಭರಣಿ. ಓದಲು ಬಾರದವರಿಗೂ ಕಾಫಿ ಬೀಜ ಬೆರಳಿಗೆ ಪರಿಚಿತ. ಪ್ರಶ್ನೆಯನ್ನು ಆರಿಸಲು ಮಾತ್ರ ಎರಡು ಸಂಜೆ ಜಗಳವಾಯಿತು. ಹೋಮ್‌ಸ್ಟೇಗಳ ಬಗ್ಗೆ ಕೇಳೋಣವೆಂದು ಒಬ್ಬರು, ಆನೆ ಹಾವಳಿಯ ಬಗ್ಗೆ ಕೇಳೋಣವೆಂದು ಇನ್ನೊಬ್ಬರು. ಕೊನೆಗೆ ಒಪ್ಪಿದ್ದು ಇದು: ‘ಗ್ರಾಮಸಭೆಯಲ್ಲಿ ನೀವು ಒಮ್ಮೆಯಾದರೂ ಎದ್ದುನಿಂತು ಮಾತನಾಡಿದ್ದೀರಾ?’ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ ಎರಡು ಬಾರಿಯಾದರೂ ಸೇರಬೇಕಾದ ಸಭೆ ಅದು. ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಪ್ರಶ್ನೆಯನ್ನು ಬರೆಯುವಾಗ ಇನ್ನೊಂದು ತೊಡಕು ಎದುರಾಯಿತು. ನಮ್ಮ ಸಂತೆಯಲ್ಲಿ ಕನ್ನಡದ ಜೊತೆಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಮತ್ತು ಕುರುಬ ಆದಿವಾಸಿಗಳ ನುಡಿಗಳು ಕಿವಿಗೆ ಬೀಳುತ್ತವೆ. ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಾತೂ ಸೇರಿದೆ. ಫಲಕದ ಮೇಲೆ ಯಾವುದನ್ನು ಬರೆದರೂ ಯಾರಾದರೊಬ್ಬರು ಹೊರಗುಳಿಯುತ್ತಾರೆ. ಹಾಗಾಗಿ ಫಲಕವನ್ನೇ ಬಿಟ್ಟು, ಪ್ರಶ್ನೆಯನ್ನು ಬಾಯಲ್ಲೇ ಕೇಳಲು ಮೂವರನ್ನು ನಿಲ್ಲಿಸಿದೆವು.

ಮಧ್ಯಾಹ್ನಕ್ಕೆ ಮುನ್ನವೇ ‘ಇಲ್ಲ’ ಎಂಬ ಭರಣಿ ತುಂಬಿ ಒಮ್ಮೆ ಗೋಣಿಗೆ ಸುರಿಯಬೇಕಾಯಿತು. ‘ಹೌದು’ ಎಂಬ ಇನ್ನೊಂದು ಭರಣಿಯ ತಳ ಮಾತ್ರ ಮುಚ್ಚಿತ್ತು. ಮಕ್ಕಳು ಮೂರು ಮೂರು ಬಾರಿ ಹಾಕಿದರು ಎಂಬುದನ್ನೂ ಪ್ರಾಮಾಣಿಕವಾಗಿ ದಾಖಲಿಸಬೇಕು, ಆದುದರಿಂದ ಲೆಕ್ಕವನ್ನು ಇಲ್ಲಿ ಕೊಡುವುದಿಲ್ಲ. ಈಗಿನ ರೊಬಸ್ಟಾ ಬೆಲೆಗೆ ಮತ ಹಾಕುವುದು ತುಂಬ ದುಬಾರಿಯಾಯಿತಲ್ಲ ಎಂದು ಒಬ್ಬ ಬೆಳೆಗಾರರು ನಕ್ಕರು. ಪಂಚಾಯಿತಿಗೆ ಸೇರಿದ ಒಬ್ಬರು ಬಂದು, ಈ ಪ್ರಶ್ನೆ ಯಾರನ್ನು ಗುರಿಯಾಗಿಟ್ಟು ಕೇಳಿದ್ದೆಂದು ವಿಚಾರಿಸಿ, ಉತ್ತರಕ್ಕೆ ಕಾಯದೆ, ‘ಹೌದು’ ಭರಣಿಗೆ ಒಂದು ಹಿಡಿ ಕಾಫಿಯನ್ನೇ ಸುರಿದು ಹೋದರು. ಅವರ ಕೈಯನ್ನು ಎಲ್ಲರೂ ನೋಡಿದರು. ಹಾಕೆಯ ಪೆಟ್ಟಿಗೆ ಯಾಕೆ ಪಾರದರ್ಶಕವಾಗಿತ್ತೆಂಬುದು ನನಗೆ ಪೂರ್ತಿ ಅರ್ಥವಾದದ್ದು ಆಗಲೇ.

ಆದರೆ ಆ ದಿನದ ನಿಜವಾದ ಕಲಾಕೃತಿಯನ್ನು ಮಾಡಿದವನು ಅಸ್ಸಾಮಿನ ಒಬ್ಬ ಹುಡುಗ. ನಮ್ಮ ಹರಕುಮುರುಕು ಹಿಂದಿಯಲ್ಲಿ ಪ್ರಶ್ನೆಯನ್ನು ವಿವರಿಸಿದ ಮೇಲೆ ಅವನು ಕಾಫಿ ಬೀಜವನ್ನು ಬೆರಳುಗಳ ನಡುವೆ ಹೊರಳಿಸುತ್ತ, ಇಲ್ಲಿ ತನಗೆ ಓಟಿಲ್ಲ, ಓಟಿರುವ ಊರಿನಲ್ಲಿ ತಾನಿಲ್ಲ, ಇದನ್ನು ಯಾವುದಕ್ಕೆ ಹಾಕಲಿ ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಅವನು ಬೀಜವನ್ನು ಎರಡು ಭರಣಿಗಳ ನಡುವೆ ಮೇಜಿನ ಮೇಲೆ ಇಟ್ಟು ಹೋದ. ಅವನ ಹಿಂದೆ ಬಂದವರಲ್ಲಿ ಹಲವರು ಅಲ್ಲೇ ಇಟ್ಟರು. ಸಂಜೆಯ ಹೊತ್ತಿಗೆ ಮೇಜಿನ ನಡುವೆ ಒಂದು ಸಣ್ಣ ಗುಪ್ಪೆಯಾಗಿತ್ತು, ಅದು ನಮ್ಮ ಯೋಜನೆಯಲ್ಲಿ ಇರಲೇ ಇಲ್ಲ. ನೋಡುವವನ ಕೈಯಿಂದ ಪ್ರದರ್ಶನದ ಆಕಾರವೇ ಬದಲಾಗಲು ಅವಕಾಶವಿದೆಯೇ ಇಲ್ಲವೇ ಎಂಬ ಒಂದು ಅಳತೆಗೋಲನ್ನು ಅಂದಿನಿಂದ ನಾನು ಇಂಥ ಪ್ರದರ್ಶನಗಳಿಗೆಲ್ಲ ಹಿಡಿಯುತ್ತಿದ್ದೇನೆ.

ಈ ಅಳತೆಗೋಲಿಗೆ ಒಗ್ಗುವ ಉದಾಹರಣೆಗಳು ದೂರದೇಶದ್ದೇ ಆಗಬೇಕಿಲ್ಲ. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಗಾಂಧೀಜಿಯವರ ಕೋರಿಕೆಯಂತೆ ನಂದಲಾಲ್ ಬೋಸ್ ಮತ್ತು ಅವರ ಸಂಗಡಿಗರು ಬರೆದ ಚಿತ್ರಫಲಕಗಳು ಹೆಬ್ಬಾಗಿಲುಗಳಲ್ಲಿ, ಚಪ್ಪರಗಳಲ್ಲಿ, ನಡೆದುಹೋಗುವವರ ಕಣ್ಣಿಗೆ ಬೀಳುವಂತೆ ತೂಗಾಡಿದವು. ಅವುಗಳಲ್ಲಿ ನಾಯಕರಿರಲಿಲ್ಲ, ಹತ್ತಿ ಹಿಂಜುವವರು, ಡೋಲು ಬಾರಿಸುವವರು, ಚಮ್ಮಾರ, ಬಡಗಿ, ಮಗುವಿನೊಡನೆ ತಾಯಿ ಇದ್ದರು. ಬಂದ ಹಳ್ಳಿಗರು ತಮ್ಮಂಥವರನ್ನೇ ಅಲ್ಲಿ ಕಂಡರು. ಅದೇ ನಂದಲಾಲರು ಮತ್ತು ಶಾಂತಿನಿಕೇತನದ ಅವರ ಶಿಷ್ಯರು ಮುಂದೆ ನಮ್ಮ ಸಂವಿಧಾನದ ಮೂಲಪ್ರತಿಯನ್ನು ಚಿತ್ರಗಳಿಂದ ಅಲಂಕರಿಸಿದರು. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅದರ ಇಂಗ್ಲಿಷ್ ಪಠ್ಯವನ್ನು ಕೈಬರಹದಲ್ಲಿ ಬರೆದರು. ಕೊಡಗಿನ ಪ್ರತಿನಿಧಿಯಾಗಿ ಆ ಸಂವಿಧಾನ ಸಭೆಯಲ್ಲಿದ್ದವರು ಸಿ. ಎಂ. ಪೂಣಚ್ಚ. ಇವೆರಡರಲ್ಲಿ ನನಗೆ ಹರಿಪುರವೇ ಹೆಚ್ಚು ಹತ್ತಿರ. ಸಂವಿಧಾನದ ಪ್ರತಿಯನ್ನು ಗಾಜಿನ ಹಿಂದಿಟ್ಟು ಕಾಪಾಡಬೇಕು, ಹರಿಪುರದ ಫಲಕಗಳಿಗೆ ಬಿಸಿಲೂ ಧೂಳೂ ತಾಗಿದವು.

ದೆಹಲಿಯ ಸಹಮತ್ ಸಂಸ್ಥೆಯ ಕೆಲಸವೂ ಇದೇ ಜಾಡಿನದು. ಬೀದಿನಾಟಕ ಆಡುತ್ತಿದ್ದಾಗ ಹಲ್ಲೆಗೊಳಗಾಗಿ ತೀರಿಕೊಂಡ ಸಫ್ದರ್ ಹಶ್ಮಿಯವರ ನೆನಪಿನಲ್ಲಿ 1989ರಲ್ಲಿ ಹುಟ್ಟಿದ ಈ ಸಂಸ್ಥೆ, 1992ರಲ್ಲಿ ಕೋಮುಸೌಹಾರ್ದದ ಘೋಷಣೆಗಳನ್ನು ತಮ್ಮ ಆಟೊರಿಕ್ಷಾಗಳ ಹಿಂದೆ ಬರೆಸುವಂತೆ ಚಾಲಕರಿಗೆ ಸ್ಪರ್ಧೆ ಏರ್ಪಡಿಸಿತು. ಆಟೊದ ಹಿಂಭಾಗಕ್ಕಿಂತ ಹೆಚ್ಚು ಜನ ನೋಡುವ ಗ್ಯಾಲರಿ ಯಾವುದಿದೆ? ಛತ್ತೀಸಗಢದ ಕೊಂಡಗಾಂವಿನಲ್ಲಿ ನವಜೋತ್ ಅಲ್ತಾಫ್ ಅವರು ಅಲ್ಲಿನ ಆದಿವಾಸಿ ಕಲಾವಿದರೊಂದಿಗೆ ಸೇರಿ ಕೈಪಂಪುಗಳ ಸುತ್ತ ಕಟ್ಟಿದ ಕಟ್ಟೆಗಳು ಇನ್ನೂ ಒಂದು ಹೆಜ್ಜೆ ಮುಂದೆ. ತುಂಬಿದ ಕೊಡವನ್ನು ತಲೆಗೇರಿಸುವ ಮೊದಲು ಅರ್ಧ ಎತ್ತರದಲ್ಲಿ ಇಡಲು ಅಲ್ಲಿ ಜಾಗ ಮಾಡಲಾಗಿದೆ. ನೀರು ಹೊತ್ತ ಹೆಂಗಸರಿಗೆ ಮಾತ್ರ ತಿಳಿದಿರುವ ವಿಷಯವದು, ಅವರನ್ನು ಕೇಳದೆ ಯಾವ ಶಿಲ್ಪಿಗೂ ಹೊಳೆಯುವಂಥದಲ್ಲ.

2018ರ ಆಗಸ್ಟಿನ ಮಳೆಯಲ್ಲಿ ನಮ್ಮ ಗುಡ್ಡಗಳು ಕುಸಿದವು. ಮಕ್ಕಂದೂರು, ಜೋಡುಪಾಲದ ಹೆಸರುಗಳನ್ನು ಹೊರಗಿನವರೂ ಕಲಿತರು. ಆ ವರ್ಷದ ಕೊನೆಯಲ್ಲಿ ಮಾಕುಟ್ಟ ಘಾಟಿ ಇಳಿದು, ತಲಶ್ಶೇರಿಯಲ್ಲಿ ರೈಲು ಹಿಡಿದು ನಾನು ಕೊಚ್ಚಿಗೆ ಹೋದೆ. 2012ರಿಂದ ನಡೆಯುತ್ತಿರುವ ಅಲ್ಲಿನ ಬಿನಾಲೆಯನ್ನು, ಅಂದರೆ ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನವನ್ನು, ಆ ಬಾರಿ ರೂಪಿಸಿದವರು ಅನಿತಾ ದುಬೆ. ಕೇರಳವೂ ಅದೇ ಮಳೆಯಲ್ಲಿ ಮುಳುಗಿ ಎದ್ದಿತ್ತು. ಅಲ್ಲಿ ನೋಡಿದ ದೊಡ್ಡ ದೊಡ್ಡ ಇನ್‌ಸ್ಟಾಲೇಷನ್ನುಗಳಲ್ಲಿ ಹೆಚ್ಚಿನವು ಈಗ ಮರೆತೇಹೋಗಿವೆ. ಮರೆಯದೆ ಉಳಿದದ್ದು ವಿಪಿನ್ ಧನುರ್ಧರನ್ ಎಂಬ ಯುವ ಕಲಾವಿದರು ನಡೆಸಿದ ಅಡುಗೆಮನೆ. 1917ರಲ್ಲಿ ಕೊಚ್ಚಿಯ ಬಳಿಯ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ಅವರು ತಮ್ಮ ಜಾತಿಯ ಈಳವರನ್ನೂ ಅವರು ದೂರವಿಟ್ಟಿದ್ದ ಪುಲಯರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿ ಬಹಿಷ್ಕಾರಕ್ಕೊಳಗಾದದ್ದನ್ನು ನೆನಪಿಸುವ ಕೃತಿ ಅದು. ಬಂದವರು ಬೇಯಿಸಬಹುದು, ಬಡಿಸಬಹುದು, ಉಣ್ಣಬಹುದು. ಉಣ್ಣುತ್ತಿದ್ದಾಗ ನನಗೆ ಕಣ್ಣಮುಂದೆ ಬಂದದ್ದು ಮೂರು ನಾಲ್ಕು ತಿಂಗಳ ಹಿಂದಿನ ನಮ್ಮ ಪರಿಹಾರ ಕೇಂದ್ರದ ಸಾಲು. ಮನೆಯಲ್ಲಿ ಕೆಲಸದಾಳಿಗೆ ಬೇರೆ ಲೋಟ ಇಡುತ್ತಿದ್ದವರೂ ಅಲ್ಲಿ ಒಂದೇ ಪಾತ್ರೆಯ ಗಂಜಿ ಕುಡಿದಿದ್ದರು. ನೀರಿಳಿದ ಮೇಲೆ ಲೋಟಗಳೂ ತಮ್ಮ ತಮ್ಮ ಗೂಡಿಗೆ ಮರಳಿದವು. ಕೊಚ್ಚಿಯ ಅಡುಗೆಮನೆಯ ಬಗ್ಗೆ ನನಗಿರುವ ಒಂದೇ ಗುಮಾನಿಯೂ ಇದೇ: ಊಟ ಚೆನ್ನಾಗಿತ್ತು, ಯಾರಿಗೂ ಯಾರೊಡನೆಯೂ ಜಗಳವಾಗಲಿಲ್ಲ. ಚೆರಾಯಿಯಲ್ಲಿ ಆಗಿತ್ತು.

ಜಗಳಕ್ಕೆ ಜಾಗವಿಲ್ಲದ ಪ್ರದರ್ಶನದಲ್ಲಿ ಪ್ರಜಾಪ್ರಭುತ್ವವಿರುವುದು ಹೆಸರಿಗೆ ಮಾತ್ರ. ಈ ವಿಷಯದಲ್ಲಿ ಕೊಡಗಿನವರು ಯಾರಿಂದಲೂ ಪಾಠ ಕಲಿಯಬೇಕಿಲ್ಲ. ಮೇ ತಿಂಗಳಲ್ಲಿ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬವನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ತಿಳಿಯುತ್ತದೆ. ಜೇನುಕುರುಬರು, ಬೆಟ್ಟಕುರುಬರು, ಎರವರು ವೇಷ ಕಟ್ಟಿ, ಗಂಡಸರು ಹೆಂಗಸರ ಸೀರೆಯುಟ್ಟು, ಸಿಕ್ಕಿದ ಡಬ್ಬವನ್ನು ಬಡಿಯುತ್ತ, ವರ್ಷವಿಡೀ ಯಾರ ತೋಟದಲ್ಲಿ ತಲೆತಗ್ಗಿಸಿ ದುಡಿದರೋ ಅವರ ಮುಂದೆಯೇ ನಿಂತು ಬಾಯ್ತುಂಬ ಬೈದು ದುಡ್ಡು ಕೇಳುತ್ತಾರೆ. ದೇವರಿಗೂ ಬೈಗುಳ ತಪ್ಪಿದ್ದಲ್ಲ. ಟಾನಿಯಾ ಬ್ರುಗೇರಾ ಎಂಬ ಕಲಾವಿದೆ 2009ರಲ್ಲಿ ಕ್ಯೂಬಾದ ಹವಾನಾ ಬಿನಾಲೆಯಲ್ಲಿ ಒಂದು ವೇದಿಕೆ, ಒಂದು ಮೈಕು ಇಟ್ಟು, ಯಾರು ಬೇಕಾದರೂ ಒಂದು ನಿಮಿಷ ಏನನ್ನು ಬೇಕಾದರೂ ಮಾತನಾಡಬಹುದೆಂದರು. ಮಾತನಾಡುವವರ ಹೆಗಲಿಗೆ ಸೈನಿಕರ ಉಡುಪಿನವರು ಒಂದು ಬಿಳಿ ಪಾರಿವಾಳವನ್ನು ಕೂರಿಸುತ್ತಿದ್ದರು. 2014ರಲ್ಲಿ ಅದನ್ನೇ ಬಯಲಿನ ಚೌಕದಲ್ಲಿ ಮಾಡಹೊರಟಾಗ ಅವರನ್ನು ಬಂಧಿಸಲಾಯಿತು. ಕುಂಡೆ ಹಬ್ಬಕ್ಕೆ ಯಾರೂ ಬಂಧಿಸುವುದಿಲ್ಲ, ಯಾಕೆಂದರೆ ಮರುದಿನ ಎಲ್ಲವೂ ಮೊದಲಿನಂತೆಯೇ ಆಗುತ್ತದೆಂಬ ಭರವಸೆ ಬೈಸಿಕೊಂಡವರಿಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಹೆಚ್ಚು ಸ್ವತಂತ್ರವೆಂದು ಹೇಳಲು ನಾನು ಅವಸರಪಡುವುದಿಲ್ಲ.

2005ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಯೆಯಲ್ಲಿ ಬ್ರೂನೋ ಲಾತೂರ್ ಮತ್ತು ಪೀಟರ್ ವೈಬೆಲ್ ಪ್ರಜಾಪ್ರಭುತ್ವದ ಕುರಿತೇ ಒಂದು ಬೃಹತ್ ಪ್ರದರ್ಶನವನ್ನು ಏರ್ಪಡಿಸಿದರು. ಇಂಗ್ಲಿಷಿನ ‘ಥಿಂಗ್’ ಎಂಬ ಪದ ಮೂಲದಲ್ಲಿ ವಸ್ತುವನ್ನಲ್ಲ, ಜನ ಬಯಲಲ್ಲಿ ಸೇರಿ ವ್ಯಾಜ್ಯ ತೀರಿಸಿಕೊಳ್ಳುವ ಸಭೆಯನ್ನು ಸೂಚಿಸುತ್ತಿತ್ತೆಂಬುದು ಅವರ ಆಲೋಚನೆಯ ಬೇರು. ಐಸ್‌ಲೆಂಡಿನ ಸಂಸತ್ತನ್ನು ಇಂದಿಗೂ ಆಲ್ಥಿಂಗ್ ಎನ್ನುತ್ತಾರೆ. ಇದನ್ನು ಓದಿದಾಗ ನನಗೆ ನಮ್ಮ ಮಂದ್ ನೆನಪಾಯಿತು: ಸುಗ್ಗಿಯ ಹಬ್ಬವಾದ ಪುತ್ತರಿಯ ಕೋಲಾಟಕ್ಕೆ ಊರು ಸೇರುವ ಹಸಿರು ಬಯಲು. ಅದನ್ನು ಹಾಡಿ ಹೊಗಳುವಾಗ ಆ ಬಯಲಿನ ನಡುವೆ ಯಾರು ಕುಣಿಯುತ್ತಿದ್ದರು, ಅಂಚಿನಲ್ಲಿ ನಿಂತು ಯಾರು ನೋಡುತ್ತಿದ್ದರು ಎಂಬುದನ್ನೂ ಹೇಳಬೇಕಾಗುತ್ತದೆ.

ಸಂತೆಯಲ್ಲಿ ಒಬ್ಬ ಹಿರಿಯರು ನಮ್ಮ ಮೇಜಿನ ಬಳಿ ಬಹಳ ಹೊತ್ತು ನಿಂತಿದ್ದರು. 1952ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿ ತನ್ನದೇ ಶಾಸನಸಭೆಯನ್ನು ಹೊಂದಿದ್ದ ದಿನಗಳು ಅವರಿಗೆ ಬಾಲ್ಯದ ನೆನಪು. ‘ಆಗ 24 ಜನ ಇದ್ದರು, ಈಗ ಇಬ್ಬರು. ನೀವು ಭರಣಿ ಇಟ್ಟು ಕೇಳುದೆಂತ?’ ಎಂದರು. ಮೈಸೂರು ರಾಜ್ಯದೊಡನೆ ಆದ ವಿಲೀನದ ಸರಿ ತಪ್ಪುಗಳ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ, ಆದರೆ ಅವರ ಮಾತನ್ನು ಬಟ್ಟೆಕ್ಲಿಪ್ಪಿಗೆ ಸಿಕ್ಕಿಸಲು ಒಂದು ಹಾಳೆ ಕೊಟ್ಟೆವು.

ಇನ್ನು ತೊಟ್ಟಿಯ ವಿಚಾರ. ಅದೂ ಹಾಕೆಯಿಂದಲೇ ಕಲಿತದ್ದು. ಬರ್ಲಿನ್ನಿನ ಸಂಸತ್ ಭವನದ ಮುಖಭಾಗದಲ್ಲಿ ‘ಜರ್ಮನ್ ಜನತೆಗೆ’ ಎಂಬ ಅಕ್ಷರಗಳನ್ನು 1916ರಲ್ಲಿ ಕೂರಿಸಲಾಗಿತ್ತು. ಹಾಕೆ ಅದೇ ಭವನದ ಒಳ ಅಂಗಳದಲ್ಲಿ ಒಂದು ದೊಡ್ಡ ಮರದ ತೊಟ್ಟಿಯನ್ನಿಟ್ಟು, ಪ್ರತಿಯೊಬ್ಬ ಸಂಸದರೂ ತಮ್ಮ ಕ್ಷೇತ್ರದಿಂದ ಮಣ್ಣನ್ನು ತಂದು ಸುರಿಯಬೇಕು, ನಡುವೆ ‘ಇಲ್ಲಿ ಬಾಳುವ ಜನರಿಗೆ’ ಎಂಬರ್ಥದ ಅಕ್ಷರಗಳು ಬೆಳಗಬೇಕು ಎಂದರು. ಜರ್ಮನ್ ವಂಶದವರಿಗೆ ಮಾತ್ರವಲ್ಲ, ಕೆಲಸಕ್ಕೆ ಬಂದು ನೆಲೆಸಿದ ತುರ್ಕರಿಗೂ ಎಂಬುದು ಇಂಗಿತ. ಸಂಸತ್ತಿನಲ್ಲಿ ಇದಕ್ಕಾಗಿ ಕಾವೇರಿದ ಚರ್ಚೆ ನಡೆದು, 2000ದ ಏಪ್ರಿಲಿನಲ್ಲಿ 260 ಮತಗಳು ಪರವಾಗಿ, 258 ವಿರೋಧವಾಗಿ ಬಿದ್ದವು. ಎರಡೇ ಮತಗಳಿಂದ ಬದುಕಿದ ಕಲಾಕೃತಿ. ಅಲ್ಲಿ ಮೊಳೆತದ್ದಕ್ಕೆ ಯಾರೂ ನೀರು ಹಾಕುವುದಿಲ್ಲ, ಯಾರೂ ಕಳೆ ಕೀಳುವುದಿಲ್ಲ.

ಕೊಡಗಿನವರು ಯಾರು ಎಂಬ ಪ್ರಶ್ನೆ ನಮ್ಮಲ್ಲೂ ತಣ್ಣಗಾಗಿಲ್ಲವಾದ್ದರಿಂದ, ನಿಮ್ಮ ಮನೆಯ ಒಂದು ಹಿಡಿ ಮಣ್ಣು ತನ್ನಿ ಎಂದು ಎರಡು ವಾರ ಮೊದಲೇ ಹೇಳಿದ್ದೆವು. ಐನ್‌ಮನೆಯ, ಅಂದರೆ ಕುಟುಂಬದ ಹಿರಿಯರ ಮನೆಯ, ಅಂಗಳದ ಮಣ್ಣು ಬಂತು, ಗದ್ದೆಯ ಕೆಸರು ಬಂತು. ಗುಡ್ಡ ಕುಸಿದಾಗ ಮನೆ ಕಳೆದುಕೊಂಡು ಈಗ ಸರ್ಕಾರ ಕಟ್ಟಿಕೊಟ್ಟ ಮನೆಯಲ್ಲಿರುವವರೊಬ್ಬರು ಎರಡು ಪೊಟ್ಟಣ ತಂದು, ಎರಡನ್ನೂ ಬೇರೆ ಬೇರೆ ಮೂಲೆಯಲ್ಲಿ ಸುರಿದರು. ಆ ವಾರ ಒಂದು ಲೈನ್ ಮನೆಯ ಎರವ ಹೆಂಗಸು ದಾರಿಯಲ್ಲಿ ನನ್ನನ್ನು ತಡೆದು, ‘ಟೀಚರೆ, ನಾನು ಯಾವ ಮಣ್ಣು ತರುದು? ಮನೆಯೂ ಸಾವ್ಕಾರರದ್ದೇ, ಅಂಗಳವೂ ಅವರದ್ದೇ’ ಎಂದು ಕೇಳಿದ್ದರು. ಅದು ದೂರಲ್ಲ, ವಿಳಾಸ ಕೇಳುವ ದನಿಯಲ್ಲಿ ಕೇಳಿದ ಮಾತು. ಹಿಡಿ ಮಣ್ಣು ತನ್ನಿ ಎಂಬ ನಮ್ಮ ಸರಳ ಆಹ್ವಾನದಲ್ಲೇ ಜಮೀನಿನ ಒಡೆತನ ಅಡಗಿ ಕುಳಿತಿತ್ತೆಂಬುದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಹಾಕೆಗೆ ಹೊಳೆದಿತ್ತೋ ಏನೋ.

ಭಾನುವಾರ ಅವರು ಕಾಫಿ ನರ್ಸರಿಯ ಒಂದು ಪಾಲಿಥಿನ್ ಚೀಲವನ್ನು ತಂದರು. ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು: ಮೂವತ್ತು ವರ್ಷಗಳಿಂದ ಪ್ರತಿ ವರ್ಷ ಅವರು ಬೆರೆಸಿ ತುಂಬುವ ಮಣ್ಣು. ‘ಇದು ನಾನು ಮಾಡಿದ್ದು’ ಎಂದಷ್ಟೇ ಹೇಳಿ ಅದನ್ನು ತೊಟ್ಟಿಗೆ ಸುರಿದು, ಖಾಲಿ ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಚೀಲಕ್ಕೆ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಲೆಕ್ಕವಿದೆಯಂತೆ.

ತೊಟ್ಟಿ ಈಗ ನಮ್ಮ ಮನೆಯ ಹಿಂದೆ, ಕಣದ ಅಂಚಿನಲ್ಲಿದೆ. ಮಾರ್ಚಿನಲ್ಲಿ ಹೂಮಳೆ ಬಿದ್ದ ವಾರಕ್ಕೆ ಅದರಲ್ಲಿ ತುಂಬೆ, ಗರಿಕೆ, ಹೆಸರು ತಿಳಿಯದ ಎರಡು ಬಳ್ಳಿ, ಜೊತೆಗೆ ನಮ್ಮ ಕಡೆ ಕಮ್ಯುನಿಸ್ಟ್ ಗಿಡ ಎಂದು ಬೈಸಿಕೊಳ್ಳುವ ಕಳೆ ತಲೆಯೆತ್ತಿದವು. ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳ ಕೈ ತಾನಾಗಿಯೇ ಆ ಕಳೆಯತ್ತ ಹೋಗುತ್ತದೆ, ಬರ್ಲಿನ್ನಿನ ನಿಯಮವನ್ನು ನೆನೆದು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಕಳೆದ ವಾರ ಆ ಹೆಂಗಸು ಸಂತೆಯಿಂದ ಮರಳುವಾಗ ಒಳಗೆ ಬಂದು, ತೊಟ್ಟಿಯ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ‘ಗಟ್ಟಿಯಾಗಿದೆ ಟೀಚರೆ, ಮರಳು ಸಾಲದು’ ಎಂದರು. ಇದನ್ನು ಯಾರೂ ಮುಟ್ಟಬಾರದೆಂಬುದೇ ಇದರ ನಿಯಮವೆಂದು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ, ಅವರು ಕತ್ತಿಯ ತುದಿಯಿಂದ ಒಂದು ಮೂಲೆಯಿಂದ ಮಣ್ಣನ್ನು ಸಡಿಲಿಸತೊಡಗಿದ್ದರು.